ಬೀಗದ ಕೈ ಕೊಡುವ ಮುನ್ನ

ಬಂಗಾರಪೇಟೆಯಲ್ಲಿ ನನಗೊಂದು ಮನೆಯಿದೆ. ಕೆಳಗೆ ನಾವು, ಮೇಲೆ ಎರಡು ಪೋರ್ಷನ್. ಸರ್ವೀಸು ಮುಗಿಯುವವರೆಗೂ ಸಂಬಳದಲ್ಲಿ ಸಾಲ ಕಟ್ಟಿ ಎಬ್ಬಿಸಿದ ಮನೆ. ಆದ್ದರಿಂದ ಇದನ್ನು ಬಾಡಿಗೆದಾರನೊಬ್ಬನ ಗೋಳು ಎಂದುಕೊಂಡು ಓದಬೇಡಿ. ಒಬ್ಬ ಓನರು ಮಿಕ್ಕ ಓನರುಗಳಿಗೆ ಬರೆಯುತ್ತಿರುವ ಕಾಗದ ಇದು. ಅದೂ ತಪ್ಪು ಮಾಡಿದ ಓನರು. ಎಲ್ಲಾದರೂ ಉಪದೇಶದ ಧಾಟಿ ಬಂದರೆ, "ನಿನ್ನ ಕಥೆ ಗೊತ್ತು ಕುಳಿತುಕೊಳ್ಳಯ್ಯ" ಎನ್ನುವ ಹಕ್ಕು ನಿಮಗಿದೆ. ಕಥೆಯನ್ನು ನಾನೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಮೇಲಿನ ಹಿಂಬದಿ ಪೋರ್ಷನ್‌ಗೆ ಒಂದು ಸಂಸಾರ ಬಂತು. ಗಂಡ ವೈಟ್‌ಫೀಲ್ಡ್ ಕಡೆ ಸೆಕ್ಯುರಿಟಿ, ಹೆಂಡತಿ ಅಲ್ಲೇ ಇನ್ನೊಂದು ಕಟ್ಟಡದಲ್ಲಿ ಹೌಸ್‌ಕೀಪಿಂಗ್. ಒಬ್ಬಳು ಮಗಳು, ಹೈಸ್ಕೂಲು. ಕೆಜಿಎಫ್‌ನವರು. ಗಂಡನ ಅಪ್ಪ ಅಲ್ಲಿನ ಚಿನ್ನದ ಗಣಿಯಾದ ಚಾಂಪಿಯನ್ ರೀಫ್‌ನಲ್ಲಿ ಭೂಮಿಯೊಳಗೆ ಇಳಿಯುತ್ತಿದ್ದವರು. ಅಲ್ಲಿನ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಹತ್ತಿದರೆ ಅಲ್ಲಿಂದ ಹೊರಡುವ ಗಾಡಿಗಳನ್ನೇ ನಂಬಬೇಕು, ಬಂಗಾರಪೇಟೆ ಜಂಕ್ಷನ್‌ಗೆ ಬಂದರೆ ಮದ್ರಾಸ್ ಕಡೆಯಿಂದ ಬರುವ ಗಾಡಿಗಳೂ ಸಿಗುತ್ತವೆ, ಬೆಳಗಿನ ನಿದ್ದೆ ಅರ್ಧ ಗಂಟೆ ಜಾಸ್ತಿ ಉಳಿಯುತ್ತದೆ ಎಂದು ಇಲ್ಲಿಗೆ ಬಂದರು. ನಿದ್ದೆಗೋಸ್ಕರ ಊರು ಬದಲಾಯಿಸಿದವರು.

ಬಾಡಿಗೆ 6,500 ಅಂದೆ. ಅಡ್ವಾನ್ಸ್ 65,000 ಅಂದೆ. ಹತ್ತು ತಿಂಗಳು ಯಾಕೆ ಎಂದು ಅವರು ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಬೆಂಗಳೂರಲ್ಲಿ ಹಾಗಂತೆ, ಎದುರು ಮನೆಯವರೂ ಹಾಗೇ ತೊಗೊಂಡರಂತೆ. ಅಷ್ಟೇ ಲೆಕ್ಕ. ಗೋಡೆಗೆ ಮೊಳೆ ಹೊಡೆಯಬೇಡಿ ಅಂತಲೂ ಹೇಳಿದೆ. ಮೋಟಾರು ಹಾಕುವ ಹೊತ್ತು, ಗೇಟಿಗೆ ಬೀಗ ಬೀಳುವ ಹೊತ್ತು, ನೆಂಟರು ಎಷ್ಟು ದಿನ ಇರಬಹುದು, ಎಲ್ಲ ಹೇಳಿದೆ. ಮೆಟ್ಟಿಲ ಮೇಲೆ ನಿಂತು ಹೇಳುವವನಿಗೆ ಧ್ವನಿ ತಾನಾಗಿ ಸ್ವಲ್ಪ ದೊಡ್ಡದಾಗುತ್ತದೆ.

ಇಪ್ಪತ್ತೆರಡು ತಿಂಗಳಿದ್ದರು. ಬಾಡಿಗೆ ಒಂದು ದಿನ ತಡವಾಗಲಿಲ್ಲ. ಅಷ್ಟರಲ್ಲಿ ನಮ್ಮ ಬೀದಿಯಲ್ಲೊಬ್ಬರು ಇಂಥದೇ ಮನೆಯನ್ನು 8,500ಕ್ಕೆ ಕೊಟ್ಟರು ಎಂಬ ಸುದ್ದಿ ಬಂತು. ನನಗೆ ಹೊಟ್ಟೆಯೊಳಗೆ ಏನೋ ಶುರುವಾಯಿತು. ಮುಂದಿನ ತಿಂಗಳಿಂದ ಎಂಟು ಸಾವಿರ ಮಾಡಿಕೊಳ್ಳಿ ಅಂದೆ. ಆ ಹೆಂಗಸು "ಆಗಲ್ಲಣ್ಣಾ" ಅಂದಳು, ಜಗಳವಾಡಲಿಲ್ಲ. ಆ ತಿಂಗಳ ಕೊನೆಗೆ ಒಂದು ಟಾಟಾ ಏಸ್ ಬಂತು, ಸಾಮಾನು ಕೆಜಿಎಫ್‌ನ ಆಂಡರ್ಸನ್‌ಪೇಟೆಗೆ ಹೋಯಿತು.

ಮನೆ ನೋಡಲು ಮೇಲೆ ಹೋದೆ. ಕಿಟಕಿಯ ಸರಳಿನಿಂದ ಬಾಗಿಲ ಚೌಕಟ್ಟಿನವರೆಗೆ ಒಂದು ಕಂಬಿ ಎಳೆದಿತ್ತು. ಕ್ಯಾಲೆಂಡರು, ಮಗಳ ಸ್ಕೂಲ್ ಬ್ಯಾಗು, ತೀರಿಹೋದ ಮಾವನ ಫೋಟೋ, ಎಲ್ಲವೂ ಅಷ್ಟು ದಿನ ಆ ಕಂಬಿಗೆ ತೂಗಿದ್ದವು. ಗೋಡೆಯಲ್ಲಿ ಒಂದೇ ಒಂದು ಮೊಳೆ ಇತ್ತು. ಅದು ಗೃಹಪ್ರವೇಶದ ದಿನ ಗಣಪತಿ ಫೋಟೋಗೆಂದು ನಾನೇ ಹೊಡೆದದ್ದು. ಆದರೂ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡೆ. ಮಿಕ್ಕಿದ್ದನ್ನು ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ, ನಲವತ್ತು ದಿನ ತಡವಾಗಿ, ಫೋನ್‌ಪೇ ಮಾಡಿದೆ. ಪೇಂಟು ಅಂತ ನಿಜವಾಗಿ ಮಾಡಿಸಿದ್ದು ಹಾಲ್ ಒಂದಕ್ಕೆ. ಅದೂ ಕೆಳಗಿನ ಮನೆಯಲ್ಲಿ ಮಿಕ್ಕಿದ್ದ ಡಬ್ಬದಿಂದ.

ಇದು ನಮ್ಮೂರಲ್ಲಿ ತಪ್ಪು ಎಂದು ಯಾರಿಗೂ ಅನ್ನಿಸುವುದಿಲ್ಲ. ನನಗೂ ಅನ್ನಿಸಿರಲಿಲ್ಲ. ಆಮೇಲೊಂದು ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಬೆಂಗಳೂರಿಗೆ ಹೋಗುವ ಸ್ವರ್ಣ ಗಾಡಿ ತಡವಾಗಿದ್ದಾಗ, ಆ ಹೆಂಗಸು ಸಿಕ್ಕಳು. "ಚೆನ್ನಾಗಿದ್ದೀರಾ ಅಣ್ಣಾ, ಅಕ್ಕನ ಮಂಡಿ ನೋವು ಹೇಗಿದೆ?" ಅಂತ ಕೇಳಿದಳು. ಮಾತಿಗೆ ಮಾತು ಬಂದು, ಆ ಅರವತ್ತೈದು ಸಾವಿರ ಎಲ್ಲಿಂದ ಬಂದಿತ್ತು ಎಂಬುದನ್ನೂ ಹೇಳಿದಳು. ದೂರಿನ ಹಾಗೆ ಹೇಳಲಿಲ್ಲ, ಮಳೆ ಬಂದದ್ದನ್ನು ಹೇಳುವ ಹಾಗೆ ಹೇಳಿದಳು. ಕಿವಿಯ ಓಲೆ ಅಡವಿಟ್ಟು 25,000. ಮಿಕ್ಕ 40,000 ಮೂರು ರೂಪಾಯಿ ಬಡ್ಡಿಗೆ.

ಮೂರು ರೂಪಾಯಿ ಬಡ್ಡಿ ಅಂದರೆ ಏನೆಂದು ಕೋಲಾರ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೂರಕ್ಕೆ ತಿಂಗಳಿಗೆ ಮೂರು. ನಲವತ್ತು ಸಾವಿರಕ್ಕೆ ತಿಂಗಳಿಗೆ 1,200. ಅಂದರೆ ಅವರು ಕಟ್ಟುತ್ತಿದ್ದ ಬಾಡಿಗೆ 6,500 ಅಲ್ಲ, 7,700. ಓಲೆಯ ಬಡ್ಡಿ ಬೇರೆ. ಇಪ್ಪತ್ತೆರಡು ತಿಂಗಳಿಗೆ 26,400 ರೂಪಾಯಿ ಆ ಬಡ್ಡಿಯವನಿಗೆ ಹೋಗಿದೆ. ಅದು ನನ್ನ ಕೈಗೆ ಬಂದ ದುಡ್ಡಲ್ಲ. ನನಗೆ ಬಂದದ್ದೆಷ್ಟು? ಅರವತ್ತೈದು ಸಾವಿರವನ್ನು ಬ್ಯಾಂಕಿನಲ್ಲಿ ಶೇಕಡ 7ಕ್ಕೆ ಇಟ್ಟಿದ್ದೆ. ತಿಂಗಳಿಗೆ 380 ರೂಪಾಯಿಯೂ ಪೂರ್ತಿ ಬರಲಿಲ್ಲ.

ರೈಲು ಬಂದು, ಆಕೆ ಹತ್ತಿ ಹೋಗಿ, ನಾನು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದ್ದು ಇಷ್ಟನ್ನು. ನಾನು 380 ಸಂಪಾದಿಸಲೆಂದು ಆಕೆ 1,200 ಕಳೆದುಕೊಂಡಿದ್ದಳು. ಕದ್ದಿದ್ದರೆ ಕದ್ದಷ್ಟಾದರೂ ಕೈಗೆ ಬರುತ್ತಿತ್ತು. ಎರಡೇ ತಿಂಗಳ ಅಡ್ವಾನ್ಸ್, 13,000 ಸಾಕು ಅಂದಿದ್ದರೆ ಓಲೆ ಒಂದರಲ್ಲೇ ಮುಗಿದು ಹೋಗುತ್ತಿತ್ತು, ಬಡ್ಡಿಯವನ ಮನೆಯ ಮೆಟ್ಟಿಲು ಹತ್ತಬೇಕಿರಲಿಲ್ಲ. ನಮ್ಮ ಜಿಲ್ಲೆಯ ಹೆಂಗಸರು ಸಾಲದ ಸಂಘಗಳ ಕೈಯಲ್ಲಿ ಪಟ್ಟ ಪಾಡಿನ ಮೇಲೆ 2009ರಿಂದ ಎಷ್ಟು ಭಾಷಣ ಆಗಿವೆ. ಸಾಲ ಯಾಕೆ ತೊಗೊಂಡರು ಎಂದು ಕೇಳುವವರು ಮದುವೆ, ಆಸ್ಪತ್ರೆ, ಕುಡಿತ ಎಂದು ಪಟ್ಟಿ ಹೇಳುತ್ತಾರೆ. ಆ ಪಟ್ಟಿಯಲ್ಲಿ ನನ್ನ ಮೇಲಿನ ಪೋರ್ಷನ್ನೂ ಇದೆ.

ಬಾಡಿಗೆ ಏರುತ್ತಿರುವುದಕ್ಕೆ ನಾವೊಬ್ಬರೇ ಕಾರಣರಲ್ಲ, ಒಪ್ಪುತ್ತೇನೆ. ಬೆಂಗಳೂರು ಎಪ್ಪತ್ತು ಕಿಲೋಮೀಟರ್ ದೂರದಲ್ಲಿದ್ದ ಊರು. ಈಗ ಅದು ನಮ್ಮ ಗೇಟಿಗೆ ಬಂದು ನಿಂತಿದೆ. 2023ರಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂದ ಮೇಲೆ ರೈಲಿನಲ್ಲಿ ಹೋಗಿ ಮೆಟ್ರೋ ಹಿಡಿಯುವವರಿಗೆ ನಮ್ಮೂರು ದೂರ ಅನ್ನಿಸುವುದಿಲ್ಲ. ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಬೇತಮಂಗಲದವರೆಗೆ ನಮ್ಮ ಹೊಲಗಳ ನಡುವೆಯೇ ಹಾದಿದೆ. ಮಾಲೂರು, ನರಸಾಪುರ, ವೇಮಗಲ್‌ನ ಕಾರ್ಖಾನೆಗಳ ಬಸ್ಸುಗಳು ಊರೂರಿಗೆ ಬಂದು ಹುಡುಗ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತವೆ. ಅವರೆಲ್ಲ ಎಲ್ಲಾದರೂ ಮಲಗಬೇಕಲ್ಲ. ಬೆಂಗಳೂರು ತಾನು ಬಳಸಿದ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದೆ, 2018ರಿಂದ. ತಾನು ಬಳಸಿದ ಬಾಡಿಗೆಯ ರೂಢಿಯನ್ನೂ ಹಾಗೇ ಬಿಟ್ಟಿದೆ, ಶುದ್ಧ ಮಾಡದೆ. ವ್ಯತ್ಯಾಸ ಏನೆಂದರೆ, ಬೆಂಗಳೂರಿನ ಓನರಿಗೆ ಅಡ್ವಾನ್ಸ್ ಕೊಡುವವನಿಗೆ ಬೆಂಗಳೂರಿನ ಸಂಬಳ ಇರಬಹುದು. ನಮ್ಮ ಸ್ವರ್ಣ ಗಾಡಿಯಲ್ಲಿ ನಿಂತು ಹೋಗುವವರಲ್ಲಿ ಬಹಳ ಜನ ಆ ನಗರದ ಕಸ ಗುಡಿಸುವವರು, ಗೇಟು ಕಾಯುವವರು, ಹೊಲಿಗೆ ಹಾಕುವವರು, ಗಾರೆ ಕೆಲಸದವರು. ಬೆಂಗಳೂರಲ್ಲಿ ಬಾಡಿಗೆ ಕೊಡಲಾರದೆ ಇಲ್ಲಿಗೆ ಬಂದು ಮಲಗುವವರು. ಇಲ್ಲೂ ಆಗದಿದ್ದರೆ ಮುಂದಿನ ದೊಡ್ಡ ಸ್ಟೇಷನ್ ಯಾವುದು? ಕುಪ್ಪಂ, ಅಂದರೆ ಆಂಧ್ರ.

ಕೆಜಿಎಫ್‌ಗೆ ಬನ್ನಿ. ಅಲ್ಲಿ ಬಾಡಿಗೆ ಎಂಬುದಕ್ಕೆ ಬೇರೆಯೇ ಚರಿತ್ರೆಯಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಹಿಡಿದ ಮೇಲೆ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಕೂಲಿಯವರಿಗೆ ಕಂಪನಿಯೇ ಸೂರು ಕೊಟ್ಟಿತು. ಬಿದಿರಿನ ತಟ್ಟಿಯ ಗುಡಿಸಲು, ಆಮೇಲೆ ಸಾಲು ಸಾಲು ಲೈನ್ ಮನೆ. ಒಂದು ಕೋಣೆ, ಒಂದು ಒಲೆ, ಬೀದಿಗೊಂದು ನಲ್ಲಿ, ಸಾಲಿಗೊಂದು ಕಕ್ಕಸು. ಬಂಗಲೆಗಳ ದೊರೆಗಳಿಗೆ ಬೇರೆ ಲೋಕ. ಆ ಲೈನುಗಳನ್ನು ಹೊಗಳಲು ಏನೂ ಇಲ್ಲ. ಆದರೂ ಅಲ್ಲಿ ಬಾಡಿಗೆ ಅಲ್ಪ, ಅಡ್ವಾನ್ಸ್ ಎಂಬ ಮಾತೇ ಇಲ್ಲ. ಸೂರಿನ ಆಯಸ್ಸು ಕೆಲಸದ ಆಯಸ್ಸಿನಷ್ಟು, ಅದೊಂದೇ ಕಷ್ಟ. ಕೆಲಸ ಮುಗಿದರೆ ಮನೆ ಬಿಡಬೇಕು.

ನಮ್ಮಪ್ಪ ನಂದಿದುರ್ಗ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ನಾನು ಹುಟ್ಟಿದ್ದು ಗಣಿಯ ಮನೆಯಲ್ಲಿ. 1979ರಲ್ಲಿ ಅಪ್ಪ ರಿಟೈರ್ ಆದಾಗ ಒಂದು ಲಾರಿಗೆ ಸಾಮಾನು ಹೇರಿ ಬಂಗಾರಪೇಟೆಗೆ ಬಂದೆವು. ಕಂಬಳಿಪೆಟ್ಟಿಗೆಯ ಮೇಲೆ ನಾನು, ರುಬ್ಬುಗುಂಡು ಉರುಳದ ಹಾಗೆ ಕಾಲಲ್ಲಿ ಒತ್ತಿ ಹಿಡಿದುಕೊಂಡು. ಇಲ್ಲಿ ನಮಗೆ ಮನೆ ಕೊಟ್ಟವಳು ಒಬ್ಬಳು ಮುದುಕಿ. "ಮಕ್ಕಳು ಎಷ್ಟಪ್ಪಾ?" ಅಂತ ಒಂದೇ ಪ್ರಶ್ನೆ ಕೇಳಿದಳು. ಒಂದು ತಿಂಗಳ ಬಾಡಿಗೆ ಮುಂಗಡ ತೊಗೊಂಡಳು. ಆರು ವರ್ಷದ ಮೇಲೆ ನಾವು ಬಿಟ್ಟಾಗ ಆ ದುಡ್ಡನ್ನು ಒಂದು ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಇಟ್ಟು ನಮ್ಮಮ್ಮನ ಕೈಗೆ ಕೊಟ್ಟಳು. ಅಡುಗೆಮನೆಯ ಗೋಡೆ ಹೊಗೆ ಹಿಡಿದು ಕಪ್ಪಾಗಿತ್ತು. ಅದನ್ನು ನೋಡಿ, "ಒಲೆ ಉರಿದ ಮನೆ ಕಪ್ಪಾಗದೆ ಇನ್ನೇನು" ಅಂದಳು.

ಇಷ್ಟನ್ನು ಕಣ್ಣಾರೆ ಕಂಡವನು ನಾನು. ಕಂಡೂ ಮರೆತೆ. ನಮ್ಮೂರಿನ ಎಷ್ಟೋ ಓನರುಗಳ ಕಥೆಯೂ ಇದೇ ತಾನೇ? ಗಣಿಯ ಮನೆಯಿಂದಲೋ ರೈಲ್ವೆ ಕ್ವಾರ್ಟರ್ಸಿನಿಂದಲೋ ವಠಾರದಿಂದಲೋ ಬಂದವರೇ ಹೆಚ್ಚು. ಹುಟ್ಟಾ ಜಮೀನ್ದಾರರು ಎಷ್ಟು ಮನೆ?

ಗಣಿಯ ಕಥೆ ಎಲ್ಲರಿಗೂ ಗೊತ್ತು. 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್, 2001ರ ಫೆಬ್ರವರಿ 28ಕ್ಕೆ ಬೀಗ. ಕೆಲಸ ಹೋದರೂ ಜನ ಲೈನು ಬಿಟ್ಟು ಹೋಗಲಿಲ್ಲ, ಹೋಗುವುದಾದರೂ ಎಲ್ಲಿಗೆ. ಮನೆಯ ಹಕ್ಕಿಗಾಗಿ ಅಲೆದರು. ಮಕ್ಕಳು ದೊಡ್ಡವರಾದರು, ಒಂದು ಕೋಣೆಯಲ್ಲಿ ಮೂರು ತಲೆಮಾರು ಹಿಡಿಸಲಿಲ್ಲ. ಆ ಮಕ್ಕಳೇ ಇವತ್ತು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆಯಲ್ಲಿ ನಮ್ಮ ಗೇಟಿನ ಮುಂದೆ ನಿಂತು "ಮನೆ ಖಾಲಿ ಇದೆಯಾ ಸಾರ್" ಎನ್ನುವವರು. ಸಿನಿಮಾ ನೋಡಿ ಕೆಜಿಎಫ್ ಎಂದರೆ ರಕ್ತ, ಸುತ್ತಿಗೆ, ಚಿನ್ನ ಎಂದುಕೊಂಡು ಗಣಿಯ ಮಣ್ಣಿನ ಸಯನೈಡ್ ದಿಬ್ಬದ ಮುಂದೆ ಫೋಟೋ ತೆಗೆಸಿಕೊಳ್ಳಲು ಬರುವವರಿದ್ದಾರೆ. ಅದೇ ದಿಬ್ಬದ ಧೂಳು ಗಾಳಿಕಾಲದಲ್ಲಿ ಅನ್ನದ ತಟ್ಟೆಗೆ ಬೀಳುತ್ತದೆ. "ದಿಬ್ಬದ ಹತ್ತಿರ ಆದರೆ ಕಮ್ಮಿಗೆ ಕೊಡಿಸ್ತೀನಿ" ಎಂದು ಬ್ರೋಕರೊಬ್ಬ ನನ್ನೆದುರೇ ಒಂದು ಸಂಸಾರಕ್ಕೆ ಹೇಳಿದ. ಎದೆಗೂಡಿಗೂ ಒಂದು ರೇಟು ಉಂಟು ಅಂತ ಅವತ್ತು ತಿಳಿಯಿತು.

ಇನ್ನೊಂದು ಮಾತು. ಇದನ್ನು ಹೇಳಿದರೆ ಹಲವರಿಗೆ ಸಿಟ್ಟು ಬರುತ್ತದೆ. ಬರಲಿ. ನಾವು ಬಾಡಿಗೆಗೆ ಮುಂಚೆ ಕೇಳುವ ಪ್ರಶ್ನೆ ಯಾವುದು? "ನೀವು ಯಾವ ಪೈಕಿ?" ನೇರ ಕೇಳಲು ನಾಚಿಕೆಯಾದವರು "ವೆಜ್ಜಾ, ನಾನ್‌ವೆಜ್ಜಾ?" ಎನ್ನುತ್ತಾರೆ. ಅದೂ ಆಗದವರು ಹೆಸರು ಕೇಳಿ, ಊರು ಕೇಳಿ, ಅಪ್ಪನ ಹೆಸರು ಕೇಳಿ, "ನಮ್ಮ ಮಗ ಬರ್ತಾನೆ, ಮನೆ ಕೊಡಲ್ಲ" ಎನ್ನುತ್ತಾರೆ. ಆ ಮಗ ಬರುವುದೇ ಇಲ್ಲ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹತ್ತು ಜನರಲ್ಲಿ ಮೂವರು ಪರಿಶಿಷ್ಟ ಜಾತಿಯವರು. ಕೆಜಿಎಫ್, ಬಂಗಾರಪೇಟೆ ಎರಡೂ ಮೀಸಲು ಕ್ಷೇತ್ರಗಳು. ನಮ್ಮ ವೋಟು ಹಾಕಿ ಅವರಲ್ಲಿ ಒಬ್ಬರನ್ನು ವಿಧಾನಸೌಧಕ್ಕೆ ಕಳಿಸುತ್ತೇವೆ, ಮೇಲಿನ ಪೋರ್ಷನ್‌ಗೆ ಮಾತ್ರ ಕರೆಯುವುದಿಲ್ಲ. ಮುಸ್ಲಿಮರ ಹುಡುಗನೊಬ್ಬ, ಒಳ್ಳೆಯ ಕೆಲಸದವನು, ಬೀದಿ ಬೀದಿ ಸುತ್ತಿ ಕೊನೆಗೆ ಮೊಹಲ್ಲಾದಲ್ಲೇ ಎರಡು ಸಾವಿರ ಹೆಚ್ಚಿಗೆ ಕೊಟ್ಟು ಸೇರಿಕೊಂಡದ್ದನ್ನು ಬಲ್ಲೆ. ಹತ್ತು ಬಾಗಿಲು ಮುಚ್ಚಿದಾಗ ಹನ್ನೊಂದನೆಯ ಬಾಗಿಲಿನ ಬೆಲೆ ಏರದೆ ಇರುತ್ತದೆಯೇ? ಜಾತಿ ಕೇಳುವುದೆಂದರೆ ಬರೀ ಅವಮಾನ ಅಂತ ನಾವು ತಿಳಿದಿದ್ದೇವೆ. ಅದರಲ್ಲಿ ರೂಪಾಯಿ ಲೆಕ್ಕವೂ ಇದೆ, ಅದನ್ನು ಪ್ರತಿ ತಿಂಗಳು ಕಟ್ಟುವವರು ಅವರು.

ಕಾಗದದ ವಿಷಯ. ಬಾಡಿಗೆಗೆ ಬರುವವರಿಂದ ಆಧಾರ್ ಜೆರಾಕ್ಸ್, ಫೋಟೋ, ಕೆಲಸದ ಐಡಿ ಕಾರ್ಡು, ಎಲ್ಲ ಈಸಿಕೊಳ್ಳುತ್ತೇವೆ. ನಾವು ಕೊಡುವುದೇನು? ಎಷ್ಟೋ ಕಡೆ ಒಂದು ಚೀಟಿಯೂ ಇಲ್ಲ. ಅಗ್ರಿಮೆಂಟು ಮಾಡಿದರೂ ಹನ್ನೊಂದು ತಿಂಗಳಿಗೆ. ವರ್ಷ ಮೀರಿದ ಕರಾರಾದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಅದಕ್ಕೆ. ಆ ಒಂದು ಕಾಗದ ಇಲ್ಲದೆ ವಿಳಾಸ ಬದಲಾಗುವುದಿಲ್ಲ, ಗ್ಯಾಸು ಬರುವುದಿಲ್ಲ, ಗೃಹಜ್ಯೋತಿಗೆ ಅರ್ಜಿ ಹಾಕಲು ಹೋದರೆ ಕೌಂಟರಿನಲ್ಲಿ ಅದನ್ನೇ ಕೇಳುತ್ತಾರೆ. 2023ರಿಂದ ಸರ್ಕಾರ 200 ಯೂನಿಟ್‌ವರೆಗೆ ಕರೆಂಟು ಪುಕ್ಕಟೆ ಕೊಡುತ್ತಿದೆ. ಮೂರು ಪೋರ್ಷನ್‌ಗೆ ಒಂದೇ ಮೀಟರು ಇಟ್ಟವರ ಮನೆಯಲ್ಲಿ ಆ ಪುಕ್ಕಟೆ ಯಾರ ಪಾಲಾಯಿತು? ಸಬ್ ಮೀಟರ್ ಹಾಕಿ, ಯೂನಿಟ್ಟಿಗೆ ತಮ್ಮದೇ ರೇಟು ಕಟ್ಟಿ, ಬಾಡಿಗೆಯವರಿಂದ ವಸೂಲು ಮಾಡುವವರೂ ಉಂಟು. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲು ಬಂದದ್ದು ನಮ್ಮ ಕೆಜಿಎಫ್‌ಗೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುವ ಜನ ನಾವು.

ಹೇಳಿಕೊಳ್ಳಬೇಕಾದ ಇನ್ನೊಂದು ಸಂಗತಿಯಿದೆ. 1930ರಲ್ಲಿ ಕೆಜಿಎಫ್‌ನ ಕಾರ್ಮಿಕರು ಮೂರು ವಾರ ಕೆಲಸ ನಿಲ್ಲಿಸಿದ್ದು ಕೂಲಿಗಾಗಿ ಅಲ್ಲ. ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಎಂಬ ಕಟ್ಟಳೆಯ ವಿರುದ್ಧ. ನಾವೇನು ಕಳ್ಳರೇ ಎಂಬ ಪ್ರಶ್ನೆ ಅದು. ಓದು ಬರಹ ಇಲ್ಲದವರು, ಹೊಟ್ಟೆಗೆ ಸಾಲದವರು, ಮರ್ಯಾದೆಯ ಪ್ರಶ್ನೆಗೆ ಮೂರು ವಾರದ ಕೂಲಿ ಬಿಟ್ಟರು. ಅವರ ಮೊಮ್ಮಕ್ಕಳು ನಮ್ಮ ಜಗಲಿಯ ಮೇಲೆ ಚಪ್ಪಲಿ ಬಿಟ್ಟು ನಿಂತು, ಆಧಾರ್ ಕಾರ್ಡ್ ಕೈಗಿಟ್ಟು, ನಾವು ಏನು ಹೇಳಿದರೂ "ಆಯ್ತು ಸಾರ್, ಆಯ್ತು ಸಾರ್" ಎನ್ನುತ್ತಾರೆ.

ನನ್ನ ಸ್ನೇಹಿತರು ಹೇಳುವುದನ್ನೂ ಕೇಳಿಸಿಕೊಂಡಿದ್ದೇನೆ. "ನಿನಗೆ ಪೆನ್ಷನ್ ಬರುತ್ತೆ, ನೀನು ಮಾತಾಡ್ತೀಯ. ಗಂಡ ಸತ್ತ ಹೆಂಗಸು ಎರಡು ಶೀಟ್ ಮನೆಯ ಬಾಡಿಗೆಯಲ್ಲೇ ಜೀವನ ಮಾಡ್ತಾಳಲ್ಲ, ಅವಳಿಗೇನು ಹೇಳ್ತೀಯ?" ನಿಜ. ಅವಳಿಗೆ ನಾನು ಏನೂ ಹೇಳುವುದಿಲ್ಲ. ಅವಳ ಬಾಡಿಗೆಯೂ ಬಹಳ ಮಾಡಿ ಬೀದಿಯಲ್ಲೇ ಕಮ್ಮಿ. "ನಾಲ್ಕು ತಿಂಗಳು ಬಾಡಿಗೆ ಕೊಡದೆ, ಕರೆಂಟ್ ಬಿಲ್ ಕಟ್ಟದೆ ರಾತ್ರೋರಾತ್ರಿ ಖಾಲಿ ಮಾಡಿದವರಿದ್ದಾರೆ, ಅಡ್ವಾನ್ಸ್ ಇಲ್ಲದಿದ್ದರೆ ನಮ್ಮ ಗತಿ?" ಇದೂ ನಿಜ, ನನಗೂ ಒಮ್ಮೆ ಆಗಿದೆ. ಆದರೆ ನಾಲ್ಕು ತಿಂಗಳ ಭಯಕ್ಕೆ ಹತ್ತು ತಿಂಗಳ ಜಾಮೀನು ಯಾಕೆ? ಕಾಗದ ಸರಿಯಾಗಿ ಮಾಡಿಕೊಂಡರೆ ಎರಡು ತಿಂಗಳ ಬಾಡಿಗೆ ನಿಂತ ಕೂಡಲೇ ಮಾತಾಡಬಹುದು. ಕಾಗದ ಇಲ್ಲದ್ದರಿಂದಲೇ ನಮಗೆ ಭಯ. ಭಯ ಇರುವುದರಿಂದಲೇ ದೊಡ್ಡ ಮೊತ್ತ. ಅವರು ಬಡ್ಡಿ ಕಟ್ಟುತ್ತಿರುವುದು ನಮ್ಮ ಸೋಮಾರಿತನಕ್ಕೆ. ಮನೆ ಮೇಲಿನ ಸಾಲದ ಕಂತು ಕಟ್ಟಬೇಕು ಎನ್ನುವವರಿಗೆ ಮಾತ್ರ ಒಂದು ಪ್ರಶ್ನೆ. ಕಂತು ಪ್ರತಿ ವರ್ಷ ಏರುತ್ತದೆಯೇ? ಬಾಡಿಗೆ ಏರುತ್ತದಲ್ಲ.

ಕಾನೂನು ಇಲ್ಲವೇ ಎಂದು ಕೇಳಬಹುದು. ಇದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಮಿಕ್ಕ ಕಡೆ 2,000 ರೂಪಾಯಿ ದಾಟಿದ ಮನೆಗೆ ಅದರ ರಕ್ಷಣೆ ಇಲ್ಲ. ಇವತ್ತು ನಮ್ಮೂರಲ್ಲಿ 2,000ಕ್ಕೆ ಸಿಗುವುದು ದನದ ಕೊಟ್ಟಿಗೆ, ಅದೂ ದನ ಬೇರೆ ಕಡೆ ಹೋದರೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಚೆನ್ನಾಗಿದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು, ಮನೆ ಬಿಟ್ಟಾಗ ನ್ಯಾಯವಾಗಿ ಹಿಡಿಯಬೇಕಾದದ್ದನ್ನು ಹಿಡಿದು ಆಗಲೇ ವಾಪಸು ಕೊಡಬೇಕು, ಬಾಡಿಗೆ ಏರಿಸುವ ಮೂರು ತಿಂಗಳು ಮುಂಚೆ ಬರೆದು ತಿಳಿಸಬೇಕು. ಮಾದರಿ ಎಂದರೆ ಮಾದರಿ ಅಷ್ಟೇ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಉಂಟು. ಅದನ್ನು ಮಾಡಿ ಎಂದು ನಮ್ಮ ಇಬ್ಬರು ಶಾಸಕರನ್ನು ಕೇಳಬೇಕು, ಜೋರಾಗಿ ಕೇಳಬೇಕು. ಆದರೆ ಬೆಂಗಳೂರಿನಿಂದ ಕಾನೂನು ಬರುವವರೆಗೂ ನಾನು ಹತ್ತು ತಿಂಗಳು ತೊಗೊಳ್ಳುತ್ತಿರುತ್ತೇನೆ ಎಂದರೆ ನನ್ನ ಮುಖಕ್ಕೆ ನಾನೇ ಕನ್ನಡಿ ಹಿಡಿಯಲಾರೆ. ಎರಡು ತಿಂಗಳು ಸಾಕು ಎನ್ನಲು ನನಗೆ ಯಾರ ಸಹಿಯೂ ಬೇಡ.

ಇನ್ನು ಸರ್ಕಾರ ಮಾಡಬೇಕಾದ ಒಂದು ಕೆಲಸ ನಮ್ಮ ಕಣ್ಣೆದುರಿಗೇ ಬಿದ್ದಿದೆ. ಗಣಿಯ ಖಾಲಿ ಮನೆಗಳು, ಬಾಗಿಲು ಕಿತ್ತುಹೋದ ಬಂಗಲೆಗಳು, ಹೆಂಚು ಜಾರಿದ ಕಟ್ಟಡಗಳು, ಕಳ್ಳಿ ಬೆಳೆದ ಅಂಗಳಗಳು. ಆ ಜಮೀನಿನಲ್ಲಿ ಕೈಗಾರಿಕೆ ಬರುತ್ತದೆ ಎಂದು ಪ್ರತಿ ಚುನಾವಣೆಗೂ ಕೇಳುತ್ತಿದ್ದೇವೆ. ಬರಲಿ, ಬೇಡ ಎಂದವರಾರು. ಬಂದವರು ಎಲ್ಲಿ ಇರುತ್ತಾರೆ ಎಂದು ಯಾರಾದರೂ ಕೇಳಿದ್ದೀರಾ? ಕಾರ್ಖಾನೆ ಬಂದ ದಿನವೇ ರಾಬರ್ಟ್‌ಸನ್‌ಪೇಟೆಯ ಬಾಡಿಗೆ ಇನ್ನೊಂದು ಹಾರು ಹಾರುತ್ತದೆ, ಆಗ ಹಳೆಯ ಗಣಿ ಕಾರ್ಮಿಕನ ಮಗ ಇನ್ನೂ ದೂರ ಹೋಗುತ್ತಾನೆ. ಕೋವಿಡ್ ಕಾಲದಲ್ಲಿ ವಲಸೆ ಕಾರ್ಮಿಕರು ನಡೆದು ಸತ್ತದ್ದನ್ನು ನೋಡಿ 2020ರಲ್ಲಿ ಕೇಂದ್ರವೇ ಒಂದು ಯೋಜನೆ ತಂದಿತ್ತು, ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ದುರಸ್ತಿ ಮಾಡಿ ಕಡಿಮೆ ಬಾಡಿಗೆಗೆ ಕೊಡುವುದು. ಆ ಯೋಚನೆಗೆ ಕೆಜಿಎಫ್‌ಗಿಂತ ಹೊಂದುವ ಊರು ಯಾವುದಿದೆ? ಮೊದಲು ಲೈನುಗಳಲ್ಲಿರುವವರಿಗೆ ಹಕ್ಕುಪತ್ರ, ಆಮೇಲೆ ನಿಲ್ಲುವಂಥ ಕಟ್ಟಡಗಳ ದುರಸ್ತಿ, ಅಲ್ಲಿ ನಗರಸಭೆಯೇ ಬಾಡಿಗೆಗೆ ಕೊಡುವ ಮನೆ. ಚಿನ್ನ ತೆಗೆದ ನೆಲ ಕೊನೆಗೆ ಒಂದಿಷ್ಟು ಸೂರಾದರೂ ಕೊಡಲಿ.

ಇದೆಲ್ಲ ಆಗುವ ಮಾತೇ ಎನ್ನುವವರಿಗೆ ದೂರದ ಒಂದು ಊರಿನ ಸಂಗತಿ ಹೇಳುತ್ತೇನೆ. 1915, ಸ್ಕಾಟ್ಲೆಂಡಿನ ಗ್ಲಾಸ್ಗೋ. ಯುದ್ಧದ ಕಾರ್ಖಾನೆಗಳಿಗೆ ಕೆಲಸಗಾರರು ಬಂದು ತುಂಬಿಕೊಂಡರು, ಓನರುಗಳು ಬಾಡಿಗೆ ಏರಿಸಿದರು, ಗಂಡಂದಿರು ಯುದ್ಧಕ್ಕೋ ಕಾರ್ಖಾನೆಗೋ ಹೋಗಿದ್ದರು. ಮೇರಿ ಬಾರ್ಬರ್ ಎಂಬ ಗೃಹಿಣಿ ಮುಂದೆ ನಿಂತು, ಹೆಂಗಸರೆಲ್ಲ ಸೇರಿ, ಏರಿಸಿದ ಬಾಡಿಗೆ ಕೊಡುವುದಿಲ್ಲ ಅಂದರು. ಮನೆ ಖಾಲಿ ಮಾಡಿಸಲು ಬಂದ ಅಮೀನರ ಮೇಲೆ ಹಿಟ್ಟು ಎರಚಿ ಓಡಿಸಿದರು. ಆ ವರ್ಷ ಮುಗಿಯುವುದರೊಳಗೆ ಬ್ರಿಟನ್ನಿನ ಸಂಸತ್ತು ಬಾಡಿಗೆಯನ್ನು ಯುದ್ಧದ ಮುಂಚಿನ ಮಟ್ಟಕ್ಕೆ ತಂದು ನಿಲ್ಲಿಸಿತು. ನಮ್ಮ ಊರಿನ ಹೆಂಗಸರು ನನ್ನ ಗೇಟಿನ ಮುಂದೆ ಹಿಟ್ಟು ಹಿಡಿದು ನಿಲ್ಲುವ ದಿನ ಬಂದರೆ ಅದರಲ್ಲಿ ಅನ್ಯಾಯ ಏನೂ ಇರುವುದಿಲ್ಲ. ಅದಕ್ಕಿಂತ ಮೊದಲೇ ನಾವೇ ಬಾಗಿಲು ತೆರೆದರೆ ಹಿಟ್ಟು ರೊಟ್ಟಿಗೆ ಉಳಿಯುತ್ತದೆ.

ಬಂಗಾರಪೇಟೆಯ, ಕೆಜಿಎಫ್‌ನ ಓನರುಗಳೇ, ನಾನು ದಾನ ಮಾಡಿ ಎನ್ನುತ್ತಿಲ್ಲ. ಬಾಡಿಗೆ ತೊಗೊಳ್ಳಿ, ನ್ಯಾಯವಾದದ್ದನ್ನು ತೊಗೊಳ್ಳಿ. ಅಡ್ವಾನ್ಸನ್ನು ಎರಡು ತಿಂಗಳಿಗೆ ಇಳಿಸಿ. ಬೀಗದ ಕೈ ವಾಪಸು ಬಂದ ದಿನವೇ ದುಡ್ಡು ವಾಪಸು ಕೊಡಿ, ಬಾಡಿಗೆಯವರು ಟಾಟಾ ಏಸ್ ಹತ್ತುವ ಮುಂಚೆ. ಜಾತಿ ಕೇಳಬೇಡಿ. ಕಾಗದ ಮಾಡಿಕೊಡಿ, ಅವರ ಹೆಸರಿಗೆ ಕರೆಂಟಿನ ಪುಕ್ಕಟೆ ಸಿಗುವ ಹಾಗೆ ಮಾಡಿಕೊಡಿ, ಅದು ನಮ್ಮಪ್ಪನ ಮನೆಯ ಗಂಟಲ್ಲ. ಬೆಂಗಳೂರಲ್ಲೋ ದುಬೈಯಲ್ಲೋ ಕೂತು ಅಪ್ಪನ ಮನೆಯನ್ನು ಬ್ರೋಕರ ಕೈಗೆ ಒಪ್ಪಿಸಿರುವ ಮಕ್ಕಳೇ, ನಿಮಗೂ ಹೇಳುತ್ತಿದ್ದೇನೆ. ಬಾಡಿಗೆ ಏರಿಸುವ ಮುಂಚೆ ಒಂದು ದಿನ ಬೆಳಗಿನ ಜಾವ ಬಂದು ಸ್ವರ್ಣ ಗಾಡಿಯಲ್ಲಿ ಬಾಗಿಲ ಹತ್ತಿರ ನಿಂತು ಹೋಗಿ ನೋಡಿ. ಪುರಸಭೆ, ನಗರಸಭೆಯ ಸದಸ್ಯರೇ, ನೀರಿನ ಬಿಲ್ಲು, ಕಂದಾಯ ಕೇಳುವಾಗ ಮನೆ ಮನೆ ಲೆಕ್ಕ ನಿಮ್ಮಲ್ಲಿದೆ. ಯಾವ ಬೀದಿಯಲ್ಲಿ ಎಷ್ಟು ಬಾಡಿಗೆ ಎಂಬ ಒಂದು ಬೋರ್ಡನ್ನು ಆಫೀಸಿನ ಮುಂದೆ ಹಾಕಿ, ಹುಡುಕಿ ಬಂದವನು ಬ್ರೋಕರ ಬಾಯಿಯನ್ನೇ ನಂಬಬೇಕಾಗುವುದಿಲ್ಲ. ದೇವಸ್ಥಾನದ ಕಮಿಟಿಯವರು, ಮಸೀದಿಯ ಹಿರಿಯರು, ಚರ್ಚಿನ ಫಾದರು ವಾರಕ್ಕೊಮ್ಮೆ ನೂರಾರು ಓನರುಗಳನ್ನು ಒಟ್ಟಿಗೆ ಕೂರಿಸಿಕೊಳ್ಳುತ್ತೀರಿ. ಐದು ನಿಮಿಷ ಇದನ್ನೂ ಮಾತಾಡಿ.

ಪೇಂಟಿಂಗ್ ಅಂತ ಹಿಡಿದುಕೊಂಡಿದ್ದ ಆ ಹೆಂಗಸಿನ 6,500ನ್ನು ಕಳೆದ ತಿಂಗಳು ಆಂಡರ್ಸನ್‌ಪೇಟೆಗೆ ಹೋಗಿ ಕೊಟ್ಟು ಬಂದೆ. ತೊಗೊಳ್ಳಲು ಒಪ್ಪಲಿಲ್ಲ. ನನಗೆ ಏನೋ ಕಾಯಿಲೆ ಬಂದಿದೆ, ಋಣ ತೀರಿಸಿಕೊಳ್ಳುತ್ತಿದ್ದೇನೆ ಎಂದುಕೊಂಡು ಗಾಬರಿಯಾದಳು. ಅದನ್ನು ಬಿಡಿಸಿ ಹೇಳುವುದರಲ್ಲಿ ಕಾಫಿ ಆರಿತು. ಅವರ ಹೊಸ ಮನೆಯ ಗೋಡೆಯಲ್ಲೂ ಮೊಳೆ ಇರಲಿಲ್ಲ.

ಬರುವ ಒಂದನೇ ತಾರೀಖು ನನ್ನ ಮೇಲಿನ ಮುಂಬದಿ ಪೋರ್ಷನ್ ಖಾಲಿಯಾಗುತ್ತಿದೆ. ಗೇಟಿಗೆ ಹಾಕಲು ಒಂದು ಬೋರ್ಡು ಬರೆಸಿದೆ. "ಮನೆ ಬಾಡಿಗೆಗೆ ಇದೆ. ಬಾಡಿಗೆ 6,000. ಅಡ್ವಾನ್ಸ್ 12,000. ಯಾರು ಬೇಕಾದರೂ ಬರಬಹುದು." ಬೋರ್ಡು ಬರೆಯುವ ಹುಡುಗ ಚೀಟಿಯನ್ನು ಎರಡು ಸಲ ಓದಿ, ಬ್ರಷ್ಷು ಎತ್ತಿ ಹಿಡಿದು ನನ್ನ ಮುಖ ನೋಡಿದ. "ಸಾರ್, ಅಡ್ವಾನ್ಸಲ್ಲಿ ಒಂದು ಸೊನ್ನೆ ಬಿಟ್ಟೋಗಿದೆ."

ಇಲ್ಲಪ್ಪಾ, ಅಷ್ಟೇ ಅಂದೆ. ಸಾಯಂಕಾಲ ಬೋರ್ಡು ತರಲು ಹೋದೆ. ಹನ್ನೆರಡು ಸಾವಿರ ಅಂತಲೇ ಬರೆದಿದ್ದ. ಆದರೂ ಕೊನೆಯ ಸೊನ್ನೆಯ ಪಕ್ಕದಲ್ಲಿ ಇನ್ನೊಂದಕ್ಕೆ ಹಿಡಿಸುವಷ್ಟು ಜಾಗ ಬಿಟ್ಟಿದ್ದ.